ನಮ್ಮ ಸಿಪಾಯಿಯನ್ನು ಬರಿಗಾಲಲ್ಲಿ ನಿಲ್ಲಿಸಬೇಡಿ

ಅಂಬೇಡ್ಕರ್ ಜಯಂತಿಗೆಂದು ನಮ್ಮ ತಾಲೂಕಿನ ಹುಡುಗರು ಒಂದು ಪ್ರದರ್ಶನ ಇಡಲು ಹೊರಟರು. ಅದರಲ್ಲಿ 1941ರ ಮಹಾರ್ ರೆಜಿಮೆಂಟಿನ ಒಬ್ಬ ಸಿಪಾಯಿಯ ಗೊಂಬೆ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಬೆಳಗಾವಿ ಜಿಲ್ಲೆಯವರಾದ ನಮಗೆ ಈ ಸಿಪಾಯಿಯ ಮೇಲೆ ಹಕ್ಕಿದೆ. ಆ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು 1941ರ ಅಕ್ಟೋಬರ್ 1ರಂದು, ಇದೇ ಬೆಳಗಾವಿಯಲ್ಲಿ. ಬಟ್ಟೆ ಅಂಗಡಿಯಿಂದ ಗೊಂಬೆ ಬಂತು. ಖಾಕಿ ಅಂಗಿ, ಚಡ್ಡಿ ಹೊಲಿಸಿದರು. ಟೋಪಿಯ ಬಿಲ್ಲೆಯಲ್ಲಿ ಕೋರೆಗಾಂವ್ ಸ್ತಂಭ ಇರಲೇಬೇಕೆಂದು ಹಳೆಯ ಫೋಟೋ ಹುಡುಕಿ, ತಗಡು ಕೊರೆಸಿ ಮಾಡಿಸಿದರು. ಗುಂಡಿ ಯಾವುದು, ಬೆಲ್ಟು ಎಷ್ಟು ಅಗಲ, ಬಕಲು ಹಿತ್ತಾಳೆಯದೋ ಅಲ್ಲವೋ, ಇದೆಲ್ಲ ವಾರಗಟ್ಟಲೆ ಚರ್ಚೆಯಾಯಿತು. ಕಾಲಿನ ವಿಷಯ ಬಂದಾಗ ಐದು ನಿಮಿಷದಲ್ಲಿ ಮುಗಿಸಿಬಿಟ್ಟರು.

ಒಬ್ಬ ಅಂದ: "ಯಾವುದರ ಒಂದು ಮಿಲಿಟರಿ ಬೂಟ್ ಹಾಕ್ರಿ ಸರ. ಕಾಲ ಯಾರ್ ನೋಡ್ತಾರ?"

ಇನ್ನೊಬ್ಬ, ಅವನು ಕವಿತೆ ಬರೆಯುವ ಹುಡುಗ, ಅಂದ: "ಬೂಟೇ ಬ್ಯಾಡ್ರಿ. ಬರಿಗಾಲಲ್ಲಿ ನಿಲ್ಲಿಸೋಣ. ನೋಡಿದವರ ಕಣ್ಣಾಗ ನೀರ ಬರಬೇಕು."

ಈ ಎರಡು ಮಾತಿಗೂ ನನ್ನ ವಿರೋಧವಿದೆ. ಮೊದಲನೆಯದು ಸೋಮಾರಿತನ. ಎರಡನೆಯದು ಕರುಣೆಯ ವೇಷ ಹಾಕಿದ ಸುಳ್ಳು. ಇದು ಆ ಇಬ್ಬರು ಹುಡುಗರ ತಪ್ಪಲ್ಲ. ಕಾಲನ್ನು ನೋಡಬಾರದು, ಕಾಲಿನಿಂದ ಹುಟ್ಟಿದವರನ್ನೂ ನೋಡಬಾರದು ಎಂದು ಸಾವಿರಾರು ವರ್ಷ ಕಲಿಸಿದ ಒಂದು ವ್ಯವಸ್ಥೆ ನಮ್ಮ ತಲೆಯಲ್ಲೂ ಕೂತಿದೆ. ಅದಕ್ಕೇ ಈ ಲೇಖನ. ಒಂದು ಜೋಡಿ ಬೂಟಿನ ಬಗ್ಗೆ ಇಷ್ಟು ಬರೆಯಬೇಕೆ ಎಂದು ಕೇಳುವವರು ಕಡೆಯತನಕ ಓದಿ ಆಮೇಲೆ ಜಗಳಕ್ಕೆ ಬನ್ನಿ.

ಮೊದಲು ಬೂಟಿನ ಮಾತು. ನಮ್ಮ ಹುಡುಗರು ಪೇಟೆಯಿಂದ ಒಂದು ಜೋಡಿ ತಂದೇಬಿಟ್ಟರು. ಕರಿ ಬಣ್ಣ, ಮೊಣಕಾಲ ಕೆಳಗಿನ ತನಕ ಎತ್ತರ, ದಪ್ಪ ರಬ್ಬರ್ ಅಟ್ಟೆ, ಕನ್ನಡಿ ಹಾಗೆ ಹೊಳಪು. ಅದನ್ನು ತೆಗೆದುಕೊಂಡು ಹೋಗಿ ಬಸ್ ಸ್ಟ್ಯಾಂಡಿನ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುವ ನನ್ನ ಕಾಕಾನ ಮುಂದೆ ಇಟ್ಟೆ. ನಾವು ಸಮಗಾರರು. ಕಾಕಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬೂಟನ್ನು ತಿರುವಿ ನೋಡಿ, ಹೆಬ್ಬೆರಳಿನಿಂದ ಅಟ್ಟೆಯ ಅಂಚು ಸವರಿ ಅಂದ: "ತಮ್ಮಾ, ಇದು ಅಂವನ ಕಾಲಿಂದಲ್ಲ. ಇದಕ್ಕ ಹೊಲಿಗೀನ ಇಲ್ಲ. ರಬ್ಬರ್ ಕಾಸಿ ಅಚ್ಚಿನ್ಯಾಗ ಕೂಡಿಸ್ಯಾರ. ನಮ್ಮಪ್ಪನ ಹಂತ್ಯಾಕ ಹಳೇ ಮಿಲಿಟ್ರಿ ಬೂಟ್ ರಿಪೇರಿಗೆ ಬರ್ತಿದ್ದೂವು. ಅಟ್ಟಿ ತೊಗಲಿಂದು. ಅಟ್ಟಿ ತುಂಬ ಮೊಳಿ. ಹಿಂಬಡಕ್ಕ ಲಾಳ, ಎತ್ತಿನ ಕಾಲಿಗೆ ಬಡದಂಗ."

ಅಷ್ಟೇ. ದೊಡ್ಡ ದೊಡ್ಡ ಮ್ಯೂಸಿಯಮ್ಮಿನವರು ಪುಸ್ತಕ ತಿರುವಿ ಹೇಳುವುದನ್ನು ಕಾಕಾ ಹೆಬ್ಬೆರಳಿನಿಂದ ಹೇಳಿದ. ಅಟ್ಟೆಯನ್ನು ರಬ್ಬರಿನಲ್ಲಿ ಅಚ್ಚು ಹೊಯ್ದು ಚರ್ಮಕ್ಕೆ ಕೂಡಿಸುವ ಬೂಟು ಸೈನ್ಯಗಳಿಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ. 1941ರ ಸಿಪಾಯಿಯ ಕಾಲಿನಲ್ಲಿದ್ದದ್ದು 'ಅಮ್ಯುನಿಷನ್ ಬೂಟು'. ಹೆಸರು ಕೇಳಿ ಮದ್ದುಗುಂಡು ಎಂದು ತಿಳಿಯಬೇಡಿ. ಸರ್ಕಾರ ಸಿಪಾಯಿಗೆ ಕೊಡುವ ಎಲ್ಲ ಸಾಮಾನಿಗೂ ಹಿಂದೆ ಆ ಮಾತು ಬಳಕೆಯಲ್ಲಿತ್ತು. ಅದು ಕಣಕಾಲು ಮುಚ್ಚುವಷ್ಟೇ ಎತ್ತರದ ಬೂಟು. ದಪ್ಪ ಚರ್ಮದ ಅಟ್ಟೆ, ಅಟ್ಟೆಯಲ್ಲಿ ಸಾಲು ಸಾಲು ಕಬ್ಬಿಣದ ಮೊಳೆ, ತುದಿಗೆ ಕಬ್ಬಿಣದ ಪಟ್ಟಿ, ಹಿಮ್ಮಡಿಗೆ ಕುದುರೆ ಲಾಳದ ಆಕಾರದ ಕಬ್ಬಿಣ. ಅದರ ಮೇಲೆ ಉಣ್ಣೆಯ ಕಾಲುಚೀಲ, ಕಣಕಾಲಿಗೆ ಸುತ್ತಿದ ಗಿಡ್ಡ ಪಟ್ಟಿ. ಮಂಡಿಯ ತನಕ ಉದ್ದ ಪಟ್ಟಿ ಸುತ್ತಿಕೊಂಡು ನಿಂತವನು 1914ರ ಯುದ್ಧದ ಸಿಪಾಯಿ. ಚಡ್ಡಿ ಹಾಕಿದ 1941ರ ಸಿಪಾಯಿಗೆ ಗಿಡ್ಡ ಪಟ್ಟಿಯೇ ಸಾಮಾನ್ಯ. ಬರ್ಮಾ ಕಾಡಿಗೆಂದು ಮಾಡಿದ ಕ್ಯಾನ್ವಾಸ್ ಮತ್ತು ರಬ್ಬರಿನ ಬೂಟು ಯುದ್ಧದ ಕೊನೆಗಾಲದ್ದು. ಬೆಳಗಾವಿಯಲ್ಲಿ ಆಗಷ್ಟೇ ಸೇರಿದ ಸಿಪಾಯಿಗೆ ಅದನ್ನು ಹಾಕಿದರೂ ತಪ್ಪೇ.

ಇದೆಲ್ಲ ಸಣ್ಣ ವಿಷಯ ಅನ್ನುತ್ತೀರಾ? ಕಾಲು ಸಿಪಾಯಿಗೆ ಸಣ್ಣ ವಿಷಯವಲ್ಲ. 1914ರ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಸಿಪಾಯಿಗಳನ್ನು ಮಾರ್ಸೇಲ್ಸ್ ಬಂದರಿನಲ್ಲಿ ಇಳಿಸಿ ಫ್ರಾನ್ಸಿನ ಕಂದಕಗಳಿಗೆ ತಳ್ಳಿದರು. ಆ ಚಳಿಗಾಲದಲ್ಲಿ ನೀರು ತುಂಬಿದ ಕೆಸರಿನಲ್ಲಿ ದಿನಗಟ್ಟಲೆ ನಿಂತು ಎಷ್ಟೋ ಜನರ ಪಾದಗಳು ಮರಗಟ್ಟಿ ಕೊಳೆತವು. ಗುಂಡು ತಗುಲದೆ ಬರಿ ಕಾಲಿನಿಂದಲೇ ಸಿಪಾಯಿ ಆಸ್ಪತ್ರೆ ಸೇರಿದ. ಬೂಟಿನ ಹದ ಅಂದರೆ ಅವನಿಗೆ ಜೀವದ ಪ್ರಶ್ನೆ.

ಹಾಗಾದರೆ ಆ ಬೂಟನ್ನು ಮಾಡಿದವರು ಯಾರು?

ಇಲ್ಲಿ ನಮ್ಮ ಚರಿತ್ರೆಯ ಪಂಡಿತರಿಗೆ ನಾಲಿಗೆ ತೊದಲುತ್ತದೆ. ಯಾವ ಕರ್ನಲ್ ಯಾವ ಬೆಟ್ಟ ಹಿಡಿದ ಎಂದು ಪುಟಗಟ್ಟಲೆ ಬರೆಯುತ್ತಾರೆ. ಬೂಟು ಆಕಾಶದಿಂದ ಬಿತ್ತೆ? ಸತ್ತ ದನ ಹೊತ್ತವರು ಯಾರು? ತೊಗಲು ಸುಲಿದವರು ಯಾರು? ಸುಣ್ಣದ ತೊಟ್ಟಿಯಲ್ಲಿ ಕೈ ಬೇಯಿಸಿಕೊಂಡು ಕೂದಲು ಕೆರೆದವರು ಯಾರು? ತಂಗಡಿ ತೊಗಟೆ, ಅಳಲೆಕಾಯಿ ಕುಟ್ಟಿ ನೀರಿಗೆ ಹಾಕಿ ವಾರಗಟ್ಟಲೆ ತೊಗಲನ್ನು ಹದ ಮಾಡಿದವರು ಯಾರು? ಅವರ ಹೆಸರು ನಿಮಗೆ ಗೊತ್ತು. ಮಾದಿಗ, ಡೋಹರ, ಸಮಗಾರ, ತಮಿಳು ನಾಡಿನ ಚಕ್ಕಿಲಿಯ, ಉತ್ತರದ ಚಮಾರ. ತಂಗಡಿ ಹೂವನ್ನು ಕವಿಗಳು ಬಂಗಾರಕ್ಕೆ ಹೋಲಿಸಿದ್ದಾರೆ. ಅದರ ತೊಗಟೆಯ ವಾಸನೆ ಹತ್ತಿದ ಕೈಗಳನ್ನು ಯಾವುದಕ್ಕೂ ಹೋಲಿಸಲಿಲ್ಲ, ದೂರ ಇಟ್ಟರು.

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಹಿಂದೂಸ್ತಾನದ ಹಸಿ ತೊಗಲಿನ ರಫ್ತು ಬಹುಪಾಲು ಜರ್ಮನ್ ವ್ಯಾಪಾರಿಗಳ ಹಿಡಿತದಲ್ಲಿತ್ತು. ಯುದ್ಧ ಬಂದೊಡನೆ ಬ್ರಿಟಿಷರಿಗೆ ಬೂಟಿನ ಚರ್ಮಕ್ಕೆ ತಾಪತ್ರಯವಾಯಿತು. ಆಗ ನೆನಪಾದದ್ದು ಮದ್ರಾಸ್ ಸೀಮೆಯಲ್ಲಿ ತಂಗಡಿ ತೊಗಟೆಯಿಂದ ಹದ ಮಾಡುವ ದನದ ತೊಗಲು. 1916ರಲ್ಲಿ ಸರ್ಕಾರ ಈ ವ್ಯಾಪಾರವನ್ನೇ ಕೈಗೆ ತೆಗೆದುಕೊಂಡಿತು. ಇಲ್ಲಿನ ತೊಗಲು ಹಡಗೇರಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಸೈನಿಕರ ಬೂಟಿನ ಮೇಲ್ಭಾಗವಾಯಿತು. ಇತ್ತ ಕಾನಪುರದಲ್ಲಿ ಸರ್ಕಾರದ ಜೀನು ಕಾರ್ಖಾನೆ, ಕೂಪರ್ ಅಲೆನ್ ಕಂಪನಿ ಎರಡೂ ಮಹಾಯುದ್ಧಗಳಲ್ಲಿ ಹಗಲು ರಾತ್ರಿ ಬೂಟು ಹೊಲಿಸಿದವು. ಹೊಲಿದವರಲ್ಲಿ ಬಹಳ ಜನ ಹಳ್ಳಿ ಬಿಟ್ಟು ಬಂದ ಚಮಾರರು. ಅವರ ಕೈ ಮುಟ್ಟಿದ ನೀರು ಮೈಲಿಗೆ. ಅವರ ಕೈ ಹೊಲಿದ ಬೂಟು ಮಾತ್ರ ಸಾಮ್ರಾಜ್ಯದ ಕಾಲಿಗೆ ಬೇಕು.

ಆ ಕಾಲದ ಬೂಟು ಎಲ್ಲಾದರೂ ಸಿಕ್ಕರೆ ಅಟ್ಟೆಯ ಮೇಲೆ, ಒಳಗಡೆ ನೋಡಿ. ಸರ್ಕಾರದ ಸ್ವತ್ತು ಎಂದು ಹೇಳುವ ಬಾಣದ ಗುರುತು ಸಿಗಬಹುದು. ಕಂಪನಿಯ ಹೆಸರು ಸಿಗಬಹುದು. ಇಸವಿ ಸಿಗಬಹುದು, ಅಳತೆ ಸಿಗಬಹುದು. ಹೊಲಿದವನ ಹೆಸರು ಸಿಗುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯ ಹೊಲಿದ ಮೆಟ್ಟಿನ ಕತೆಯನ್ನು ಈಗಲೂ ಕಣ್ಣಿಗೊತ್ತಿಕೊಂಡು ಹೇಳುತ್ತೀರಿ. ಹರಳಯ್ಯನನ್ನು ಕೊಂದವರು ಯಾರೆಂದು ಹೇಳುವಾಗ ದನಿ ತಗ್ಗಿಸುತ್ತೀರಿ. ಹರಳಯ್ಯನ ಕುಲದವನು ಬಸ್ ಸ್ಟ್ಯಾಂಡಿನ ಬದಿಯಲ್ಲಿ ಕೂತರೆ ಅವನಿಗೆ ಒಂದು ತಗಡಿನ ನೆರಳೂ ಕೊಡುವುದಿಲ್ಲ.

ಇನ್ನು, ಹಾಕಿಕೊಂಡ ಕಾಲು ಯಾರದು?

ಬೂಟು ಚಪ್ಪಲಿ ಹಾಕಿದ ನಮ್ಮ ಕಾಲು ಈ ದೇಶದಲ್ಲಿ ಅಪರಾಧವಾಗಿತ್ತು. ಮೇಲ್ಜಾತಿಯ ಓಣಿ ಬಂದರೆ ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿಯಬೇಕು, ಕೆಲವು ಕಡೆ ತಲೆಯ ಮೇಲೆ ಇಡಬೇಕು. ಇದು ಬರೀ ಬಾಯಿ ಮಾತಿನ ಕಟ್ಟಲೆಯಲ್ಲ. 1930ರ ಡಿಸೆಂಬರಿನಲ್ಲಿ ಮದ್ರಾಸ್ ಪ್ರಾಂತದ ರಾಮನಾಡಿನಲ್ಲಿ ಕಳ್ಳರ್ ಜಾತಿಯ ಜಮೀನಿನವರು ಆದಿ ದ್ರಾವಿಡರ ಮೇಲೆ ಎಂಟು ಕಟ್ಟಳೆ ಹೊರಿಸಿದರು. ಬಂಗಾರ ಬೆಳ್ಳಿ ಹಾಕಬಾರದು, ಅಂಗಿ ತೊಡಬಾರದು, ಕೂದಲು ಕತ್ತರಿಸಬಾರದು, ಕೊಡೆ ಹಿಡಿಯಬಾರದು, ಚಪ್ಪಲಿ ಮೆಟ್ಟಬಾರದು. ಮಾತು ಕೇಳದವರ ಗುಡಿಸಲಿಗೆ ಬೆಂಕಿ ಹಚ್ಚಿದರು.

ಇಂಥ ದೇಶದಲ್ಲಿ ಸೈನ್ಯ ನಮ್ಮವರ ಕಾಲಿಗೆ ಬೂಟು ಹಾಕಿತು. ಯಾಕೆ ಹಾಕಿತು? ಪ್ರೀತಿಯಿಂದಲ್ಲ, ಅದಕ್ಕೆ ಕಾಲು ಬೇಕಿತ್ತು. 1818ರ ಜನವರಿ 1ರಂದು ಕೋರೆಗಾಂವಿನಲ್ಲಿ ಪೇಶ್ವೆಯ ಸೈನ್ಯದ ಎದುರು ಕಂಪನಿ ಸರ್ಕಾರದ ಪರವಾಗಿ ನಿಂತವರಲ್ಲಿ ಮಹಾರರು ಬಹಳ ಇದ್ದರು. ಅಲ್ಲಿನ ಸ್ತಂಭದ ಮೇಲೆ 'ನಾಕ' ಎಂದು ಕೊನೆಯಾಗುವ ಹೆಸರುಗಳು ಅವರವು. ಅಷ್ಟು ದುಡಿಸಿಕೊಂಡ ಬ್ರಿಟಿಷರು 1890ರ ದಶಕದ ಆರಂಭದಲ್ಲಿ 'ಯುದ್ಧಕ್ಕೆ ಹುಟ್ಟಿದ ಜಾತಿಗಳು' ಎಂಬ ಹೊಸ ಪುರಾಣ ಹಿಡಿದುಕೊಂಡು ಮಹಾರರ ಭರ್ತಿ ನಿಲ್ಲಿಸಿದರು. ಮನುವಿನ ಪುಸ್ತಕಕ್ಕೆ ಇಂಗ್ಲಿಷ್ ರಟ್ಟು ಹಾಕಿದರು, ಅಷ್ಟೇ. 1894ರಲ್ಲಿ ನಿವೃತ್ತ ಸೈನಿಕ ಗೋಪಾಳಬಾಬಾ ವಲಂಗಕರ್ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಮತ್ತೆ ಅರ್ಜಿ ಬರೆದರು. ಯಾರೂ ಕೇಳಲಿಲ್ಲ. ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ಕ್ಕೆ ಅದನ್ನೂ ಮುಚ್ಚಿದರು. ಮತ್ತೆ ಯುದ್ಧ ಬಂತು. 1941ರಲ್ಲಿ ಬಾಬಾಸಾಹೇಬರು ರಕ್ಷಣಾ ಸಲಹಾ ಸಮಿತಿಯಲ್ಲಿ ಕೂತು ಒತ್ತಾಯ ಮಾಡಿದರು, ಬೆಳಗಾವಿಯಲ್ಲಿ ರೆಜಿಮೆಂಟು ಹುಟ್ಟಿತು. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು. ಅದು ಕೊಹಿಮಾದಲ್ಲಿ ಕಾದಿತು. 1946ರಲ್ಲಿ ಅದನ್ನೂ ಮುಚ್ಚಿದರು.

ಈ ಇಸವಿಗಳನ್ನು ಸಾಲಾಗಿ ಬರೆದು ಶಾಲೆಯ ಗೋಡೆಗೆ ಅಂಟಿಸಿ. ಬೇಕಾದಾಗ ಬೂಟು ಕೊಟ್ಟರು, ಬೇಡವಾದಾಗ ಕಳಚಿಸಿದರು. ದಲಿತ ಸಿಪಾಯಿಯ ಚರಿತ್ರೆ ಅಂದರೆ ಇದೇ.

ಬೂಟು ಹಾಕಿದ ಕಾಲಿಗೆ ಊರಲ್ಲಿ ಏನು ಬೆಲೆ ಸಿಕ್ಕಿತು ಎಂಬುದಕ್ಕೂ ಸಾಕ್ಷಿ ಇದೆ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಳ್ ಸೈನ್ಯದಲ್ಲಿ ಸುಭೇದಾರರು. 1901ರಲ್ಲಿ, ಪಿಂಚಣಿಯ ಮೇಲೆ ಬೇರೆ ಕೆಲಸದಲ್ಲಿದ್ದ ತಂದೆಯನ್ನು ಕಾಣಲು ಮಕ್ಕಳು ಸಾತಾರೆಯಿಂದ ರೈಲಿನಲ್ಲಿ ಹೊರಟರು. ಆ ಪ್ರಯಾಣಕ್ಕೆಂದು ಹೊಸ ಅಂಗಿ, ಜರಿಯ ಟೋಪಿ, ಹೊಸ ಬೂಟು ತರಿಸಿದ್ದರು ಎಂದು ಬಾಬಾಸಾಹೇಬರೇ ಬರೆದಿದ್ದಾರೆ. ಇಳಿದ ಸ್ಟೇಶನ್ನಿನಲ್ಲಿ ಸ್ಟೇಶನ್ ಮಾಸ್ತರ ಈ ಮಕ್ಕಳ ಉಡುಪು ನೋಡಿ ಬ್ರಾಹ್ಮಣರ ಮಕ್ಕಳೆಂದೇ ತಿಳಿದ. ಮಹಾರರು ಎಂಬ ಮಾತು ಕೇಳಿದ್ದೇ ತಡ, ಮುಖ ಬದಲಾಯಿತು. ದುಡ್ಡು ಎರಡರಷ್ಟು ಕೊಡುತ್ತೇವೆಂದರೂ ಗಾಡಿ ಹೊಡೆಯಲು ಯಾರೂ ಒಪ್ಪಲಿಲ್ಲ. ಮಕ್ಕಳು ತಾವೇ ಗಾಡಿ ಹೊಡೆಯಬೇಕಾಯಿತು, ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ. ಕಾಲಲ್ಲಿದ್ದ ಹೊಸ ಬೂಟು ಜಾತಿಯನ್ನು ಮುಚ್ಚಲಿಲ್ಲ. ಆದರೂ ಆ ತಂದೆ ಬೂಟು ಕೊಡಿಸಿದ್ದ. ಅದನ್ನು ನೆನಪಿಡಿ.

ಈಗ ಬರಿಗಾಲಿನ ಕವಿಗೆ ನನ್ನ ಉತ್ತರ. ತಮ್ಮಾ, ನಿನ್ನ ಕಣ್ಣೀರು ದೊಡ್ಡದು, ಒಪ್ಪಿದೆ. ಆದರೆ ನಮ್ಮವರನ್ನು ಬರಿಗಾಲಲ್ಲಿ ನೋಡುವುದು ಈ ದೇಶಕ್ಕೆ ಹೊಸದಲ್ಲ. ಸಿನಿಮಾದಲ್ಲಿ, ನಾಟಕದಲ್ಲಿ, ಪಠ್ಯಪುಸ್ತಕದ ಚಿತ್ರದಲ್ಲಿ ನಾವು ಯಾವಾಗಲೂ ಬರಿಗಾಲು, ಹರಿದ ಕಂಬಳಿ, ಬಗ್ಗಿದ ಬೆನ್ನು. ನೋಡಿದವರು ಅಯ್ಯೋ ಪಾಪ ಎನ್ನುತ್ತಾರೆ, ಮನೆಗೆ ಹೋಗಿ ಕೈ ತೊಳೆಯುತ್ತಾರೆ. 1941ರಲ್ಲಿ ಆ ಸಿಪಾಯಿಯ ಕಾಲಲ್ಲಿ ಕಬ್ಬಿಣ ಬಡಿದ ಬೂಟು ಇತ್ತು. ಕಲ್ಲಿನ ಹಾದಿಯಲ್ಲಿ ನಡೆದರೆ ಸಪ್ಪಳ ಊರಿಗೇ ಕೇಳುತ್ತಿತ್ತು. ಕಾಲ್ಮರಿ ಕೈಯಲ್ಲಿ ಹಿಡಿದು ಸಪ್ಪಳವಿಲ್ಲದೆ ದಾಟಬೇಕಿದ್ದ ಓಣಿಗಳ ದೇಶದಲ್ಲಿ ಆ ಸಪ್ಪಳ ಏನು ಎಂದು ನೀನು ಕವಿತೆ ಬರಿ. ಅವನು ಗಳಿಸಿದ ಬೂಟನ್ನು ನೀನು ಅವನ ಕಾಲಿನಿಂದ ಕಳಚಿದರೆ, 1892ರ ಸಾಹೇಬನಿಗೂ ನಿನಗೂ ಏನು ವ್ಯತ್ಯಾಸ?

ನಮ್ಮಲ್ಲೇ ಕೆಲವು ಸಂಗಾತಿಗಳು ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ಸಾಮ್ರಾಜ್ಯಶಾಹಿಯ ಬಾಡಿಗೆ ಸೈನ್ಯದ ಬೂಟಿಗೆ ಮೆರವಣಿಗೆ ಯಾಕೆ? ಆ ಬೂಟು ಬೇರೆ ದೇಶದ ಬಡವರ ಎದೆ ತುಳಿಯಲಿಲ್ಲವೆ? ಪ್ರಶ್ನೆ ಸರಿಯಾಗಿದೆ. ತುಳಿಯಿತು. ಅದನ್ನು ಮುಚ್ಚಿಡಬೇಕಿಲ್ಲ. ನಾನು ಬೂಟಿಗೆ ಕುಂಕುಮ ಹಚ್ಚಿ ಪೂಜೆ ಮಾಡಿ ಎನ್ನುತ್ತಿಲ್ಲ. ಆದರೆ ಅದೇ ಸೈನ್ಯದ ಮೇಲ್ಜಾತಿಯ ಸುಭೇದಾರನ ಫೋಟೋಕ್ಕೆ ಹಾರ ಹಾಕುವಾಗ ಈ ಪ್ರಶ್ನೆ ಕೇಳದವರು, ನಮ್ಮ ಸಿಪಾಯಿ ನಿಂತಾಗ ಮಾತ್ರ ಯಾಕೆ ಕೇಳುತ್ತಾರೆ? ಬಾಬಾಸಾಹೇಬರಿಗೆ ಬ್ರಿಟಿಷರ ಗುಣ ಗೊತ್ತಿರಲಿಲ್ಲವೆ? ಸೈನ್ಯದಲ್ಲಿ ಶಾಲೆ ಇತ್ತು, ಸಂಬಳ ಇತ್ತು, ಪಿಂಚಣಿ ಇತ್ತು. ಊರಲ್ಲಿ ಮುಚ್ಚಿದ್ದ ಬಾಗಿಲು ಅಲ್ಲಿ ಅರ್ಧ ತೆರೆದಿತ್ತು. ಆ ಅರ್ಧ ಬಾಗಿಲಲ್ಲಿ ಕಾಲಿಟ್ಟು ನಿಂತವರ ಮಕ್ಕಳು ಓದಿದರು.

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಬೂಟು ಹಾಕಿದವನು ಒಂದು ಕೇರಿಯವನು, ಹೊಲಿದವನು ಇನ್ನೊಂದು ಕೇರಿಯವನು. ಈ ಎರಡು ಕೇರಿಗಳ ನಡುವೆ ಕೊಡು ಕೊಳ್ಳುವುದಿರಲಿ, ನೀರಿನ ಬಳಕೆಯೂ ಇರಲಿಲ್ಲ. ಈಗಲೂ ಎಷ್ಟು ಕಡೆ ಇದೆ? ನಮ್ಮ ಪ್ರದರ್ಶನದ ಸಮಿತಿಯಲ್ಲೇ ಬೂಟು ಹೊಲಿಯುವ ಮನೆಯವನು ನಾನೊಬ್ಬನೇ ಇದ್ದೆ. ಗುಂಡಿಯ ಬಗ್ಗೆ ಹತ್ತು ಜನರನ್ನು ಕೇಳಿದ ಹುಡುಗರು ಬೂಟಿನ ಬಗ್ಗೆ ನನ್ನ ಕಾಕಾನನ್ನು ಕೇಳಲಿಲ್ಲ. ಮೇಲ್ಜಾತಿಯವರು ನಮಗೆ ಮಾಡಿದ್ದನ್ನು ನಾವು ನಮ್ಮೊಳಗೇ ಮಾಡುತ್ತಿದ್ದೇವೆ. ಸರಿಯಾದ ಬೂಟು ಇಟ್ಟರೆ ಈ ಎರಡು ಕೇರಿಗಳೂ ಒಂದೇ ಪೀಠದ ಮೇಲೆ ನಿಲ್ಲುತ್ತವೆ.

ಇದೆಲ್ಲ ಹಳೆಯ ಕತೆ ಎನ್ನುವ ಮೇಷ್ಟ್ರುಗಳಿಗೆ ಒಂದು ಮಾತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದರು. ದಲಿತರು ಸಾರ್ವಜನಿಕ ಜಾಗದಲ್ಲಿ ಪಾದರಕ್ಷೆ ಹಾಕುವುದನ್ನು, ಹೊಸಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಎಂದು ಅದರಲ್ಲಿ ಬರೆಯಬೇಕಾಯಿತು. ಚಪ್ಪಲಿಯ ಹಾರ ಹಾಕುವುದನ್ನೂ ಹೆಸರಿಸಿ ಬರೆಯಬೇಕಾಯಿತು. ನಡೆಯದೇ ಇರುವುದನ್ನು ತಡೆಯಲು ಯಾರೂ ಕಾನೂನು ಬರೆಯುವುದಿಲ್ಲ.

ಆದ್ದರಿಂದ ಇಂಥ ಪ್ರದರ್ಶನ ಇಡುವ ಗೆಳೆಯರಿಗೆ, ಮಾಸ್ತರರಿಗೆ ನನ್ನ ಮಾತು ಇಷ್ಟು. ಮೊದಲು ಇಸವಿ ಗೊತ್ತು ಮಾಡಿಕೊಳ್ಳಿ. ಆ ಇಸವಿಯ ಫೋಟೋ ಹುಡುಕಿ, ಮುಖಕ್ಕಿಂತ ಮೊದಲು ಕಾಲು ನೋಡಿ. ಅಟ್ಟೆ ರಬ್ಬರಿನದಾದರೆ ಬೇಡ. ಚಕ್ಕನೆ ಹಾಕಿ ಎಳೆಯುವ ಜಿಪ್ಪಿನ ಬೂಟು ಬೇಡವೇ ಬೇಡ. ಹಳೆಯದು ಸಿಕ್ಕದಿದ್ದರೆ ನಿಮ್ಮ ಊರಿನ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ, ಫೋಟೋ ತೋರಿಸಿ, ಹೊಲಿಸಿ. ಕೇಳಿದ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ. ಹೊಸದಾಗಿ ಹೊಲಿಸಿದ್ದನ್ನು ಹಳೆಯದೆಂದು ಸುಳ್ಳು ಹೇಳಬೇಡಿ, 'ಆ ಕಾಲದ ಮಾದರಿಯಲ್ಲಿ ಈಗ ಹೊಲಿದದ್ದು' ಎಂದೇ ಬರೆಯಿರಿ. ದುಡ್ಡಿಲ್ಲದಿದ್ದರೆ ಒಂದು ಚಿತ್ರ ಬರೆದು ಪಕ್ಕದಲ್ಲಿಡಿ. ತಪ್ಪು ಬೂಟಿಗಿಂತ ಸರಿಯಾದ ಚಿತ್ರ ಮೇಲು. ಮತ್ತು ಗಾಜಿನ ಒಳಗೆ ಮೇಲಿಂದ ಕಾಣುವಂತೆ ಮಾತ್ರ ಇಡಬೇಡಿ. ಒಂದು ಬೂಟನ್ನು ಮಗ್ಗುಲಾಗಿ ಮಲಗಿಸಿ ಅಟ್ಟೆ ಕಾಣುವ ಹಾಗೆ ಇಡಿ. ಮೊಳೆ ಕಾಣಲಿ, ಹೊಲಿಗೆ ಕಾಣಲಿ.

ನಮ್ಮ ಪ್ರದರ್ಶನದಲ್ಲಿ ಹಾಗೇ ಮಾಡಿದೆವು. ಕಾಕಾ ಹನ್ನೊಂದು ದಿನ ಕೂತು ಹೊಲಿದ. ಲಾಳ ಬಡಿದವನು ಎತ್ತಿಗೆ ಲಾಳ ಬಡಿಯುವವನೇ. ಪೀಠದ ಚೀಟಿಯಲ್ಲಿ ರೆಜಿಮೆಂಟಿನ ಹೆಸರು, ಇಸವಿ, ಊರು ಬರೆದು, ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಬೂಟು ಹೊಲಿದವನ ಹೆಸರು ಬರೆದೆವು. ಮಗನಿಂದ ಓದಿಸಿಕೊಂಡು ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಕೇಳಿದ: "ಕಾನಪುರದಾಗ ಹೊಲದವರ ಹೆಸರ ಸಿಗಂಗಿಲ್ಲೇನೋ?"

ಸಿಗುವುದಿಲ್ಲ ಕಾಕಾ. ಅದಕ್ಕೇ ಇನ್ನು ಮುಂದೆ ಎಲ್ಲಿ ಸಿಪಾಯಿಯ ಗೊಂಬೆ ನಿಂತರೂ, ಗೆಳೆಯರೆ, ಹೋಗಿ ಮೊದಲು ಕಾಲು ನೋಡಿ. ಬೂಟು ಯಾವ ಕಾಲದ್ದು ಎಂದು ಕೇಳಿ. ಹೊಲಿದವರು ಯಾರು ಎಂದು ಕೇಳಿ. ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿ.